ಒಂದು ಕೋಣೆ, ಎರಡು ಬಾಡಿಗೆ
(ನಾಟಕಾಸಕ್ತರ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ನಾಟಕದ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ಕೇಳಿದಿರಿ. ಇಂಗ್ಲಿಷ್ ನಾಟಕವೆಂದೊಡನೆ ಶೇಕ್ಸ್‌ಪಿಯರನಿಂದ ಹೊರಟು ಬರ್ನಾರ್ಡ್ ಷಾನಲ್ಲಿಗೆ ಬಂದು ನಿಲ್ಲುವುದು ನಮ್ಮ ಕಡೆಯ ಭಾಷಣಕಾರರ ರೂಢಿ. ಆ ರಾಜಮಾರ್ಗವನ್ನು ನಾವು ಇಂದು ಹಿಡಿಯುವುದಿಲ್ಲ. ರಾಜನಿಲ್ಲದ, ಕತ್ತಿಯಿಲ್ಲದ, ಸಾಯುವವರೂ ನಿಜವಾಗಿ ಸಾಯದ ಒಂದು ಒಂದಂಕದ ಪ್ರಹಸನದ ಕಥೆ ಹೇಳುತ್ತೇವೆ. ಅದರ ಹೆಸರು 'ಬಾಕ್ಸ್ ಅಂಡ್ ಕಾಕ್ಸ್'. ಬರೆದವನು ಜಾನ್ ಮ್ಯಾಡಿಸನ್ ಮಾರ್ಟನ್. ಮೊದಲ ಪ್ರದರ್ಶನವಾದುದು 1847ರ ನವೆಂಬರ್ 1ರಂದು, ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ.

ಬಾಕ್ಸ್ ಮತ್ತು ಕಾಕ್ಸ್ ಎಂಬುವು ಇಬ್ಬರು ಕೂಲಿಕಾರರ ಹೆಸರು. ಕಾಕ್ಸ್ ಟೋಪಿ ಮಾಡುವವನು. ಬೆಳಗ್ಗೆ ಎದ್ದು ಕೆಲಸಕ್ಕೆ ಹೋದರೆ ರಾತ್ರಿಗೆ ಬಿಡಾರಕ್ಕೆ ಬರುತ್ತಾನೆ. ಬಾಕ್ಸ್ ಅಚ್ಚುಕೂಟದವನು, ವೃತ್ತಪತ್ರಿಕೆಯಲ್ಲಿ ರಾತ್ರಿ ಪಾಳಿ. ಅವನು ಬಿಡಾರಕ್ಕೆ ಬರುವುದು ಬೆಳಗ್ಗೆ. ಇಬ್ಬರೂ ಕಸಬು ಕಲಿತು ಮುಗಿಸಿ ಧಣಿಯ ಕೈಕೆಳಗೆ ಕೂಲಿಗೆ ದುಡಿಯುವವರು, ಸ್ವಂತ ಅಂಗಡಿ ಹೂಡುವಷ್ಟು ಬಂಡವಾಳ ಇಲ್ಲದವರು. ಬೌನ್ಸರ್ ಎಂಬ ಮನೆಯೊಡತಿ ಇದನ್ನು ನೋಡಿಕೊಂಡು ಒಂದೇ ಕೋಣೆಯನ್ನು, ಒಂದೇ ಮಂಚವನ್ನು, ಒಬ್ಬನಿಗೆ ತಿಳಿಯದಂತೆ ಇನ್ನೊಬ್ಬನಿಗೂ ಕೊಟ್ಟಿದ್ದಾಳೆ. ಇಬ್ಬರಿಂದಲೂ ಪೂರ್ತಿ ಬಾಡಿಗೆ! ಕಾಕ್ಸ್ ಹೊರಗೆ ಕಾಲಿಟ್ಟೊಡನೆ ಅವನ ಸಾಮಾನನ್ನು ಮರೆಮಾಡಿ ಬಾಕ್ಸನ ಸಾಮಾನನ್ನು ಹೊರತೆಗೆಯುವುದು, ಸಂಜೆಗೆ ಅದನ್ನೇ ತಿರುಗುಮುರುಗಾಗಿ ಮಾಡುವುದು ಆ ತಾಯಿಯ ದಿನಚರಿ. ಬಾಡಿಗೆದಾರರು ಇಬ್ಬರೂ ದಿನವೂ ಮೆಟ್ಟಿಲಿನ ಮೇಲೆ ಎದುರುಬದುರಾಗುತ್ತಾರೆ, ಒಬ್ಬ ಹತ್ತುತ್ತ, ಒಬ್ಬ ಇಳಿಯುತ್ತ. ಇವನಾರೋ ಮೇಲಂತಸ್ತಿನವನಿರಬೇಕೆಂದು ಒಬ್ಬರನ್ನೊಬ್ಬರು ತಿಳಿದುಕೊಂಡಿದ್ದಾರೆ.

ಪ್ರಹಸನದ ಮೊದಲ ಮಾತುಕತೆಯೆಲ್ಲ ಲೆಕ್ಕದ್ದು. ಕಲ್ಲಿದ್ದಲು ಕರಗುತ್ತಿದೆ, ಮೇಣದ ಬತ್ತಿ ಕರಗುತ್ತಿದೆ, ಸಕ್ಕರೆ ಚಹಾ ಕರಗುತ್ತಿವೆ, ಇದು ಹೇಗೆ ಎಂದು ಕಾಕ್ಸ್ ಕೇಳುತ್ತಾನೆ. ಕೋಣೆಯಲ್ಲಿ ಹೊಗೆಸೊಪ್ಪಿನ ವಾಸನೆ, ತಾನೋ ಹೊಗೆ ಸೇದುವವನಲ್ಲ. ಒಡತಿಯ ಬಳಿ ಎಲ್ಲಕ್ಕೂ ಉತ್ತರವುಂಟು: ಅಟ್ಟದ ಮೇಲಿನ ಬಾಡಿಗೆದಾರ ಸೇದುತ್ತಾನೆ, ಹೊಗೆ ಒಲೆಗೂಡಿನೊಳಗಿಂದ ಕೆಳಕ್ಕೆ ಇಳಿಯುತ್ತದೆ! ಹೊಗೆ ಮೇಲಕ್ಕೆ ಹೋಗುವ ಪದಾರ್ಥವೆಂಬುದು ಕಾಕ್ಸನಿಗೂ ಗೊತ್ತು. ಆದರೆ ಕೆಲಸಕ್ಕೆ ಹೊತ್ತಾಗಿದೆ, ವಾದಿಸುತ್ತ ನಿಂತರೆ ಕೂಲಿಗೆ ಕತ್ತರಿ. ಅವನು ಹೊರಡುತ್ತಾನೆ.

ಆ ದಿನ ಟೋಪಿ ಅಂಗಡಿಯ ಧಣಿ ಕಾಕ್ಸನಿಗೆ ರಜೆ ಕೊಟ್ಟುಬಿಡುತ್ತಾನೆ. ನಾಟಕದ ಅನಾಹುತವೆಲ್ಲ ಈ ಒಂದು ದಿನದ ರಜೆಯಿಂದ! ಬಾಕ್ಸ್ ಹಂದಿಮಾಂಸದ ಸೀಳೊಂದನ್ನು ಕೆಂಡದ ಮೇಲಿಟ್ಟು ಮಂಚದ ಪರದೆಯೊಳಗೆ ಒರಗಿದ್ದಾನೆ. ಕಾಕ್ಸ್ ಬಂದು ನೋಡುತ್ತಾನೆ: ತನ್ನ ಒಲೆಯಲ್ಲಿ ಯಾರದೋ ಅಡಿಗೆ. ಅದನ್ನು ತೆಗೆದಿಟ್ಟು ತಾನು ತಂದ ಕುರಿಮಾಂಸದ ತುಂಡನ್ನು ಇಟ್ಟು ತಟ್ಟೆ ತರಲು ಹೋಗುತ್ತಾನೆ. ಬಾಕ್ಸ್ ಎದ್ದು ಕುರಿಮಾಂಸವನ್ನು ಕಿಟಕಿಯಿಂದ ಆಚೆಗೆಸೆಯುತ್ತಾನೆ. ಕಾಕ್ಸ್ ಮರಳಿ ಬಂದು ಹಂದಿಮಾಂಸವನ್ನು ಅದೇ ಕಿಟಕಿಯಿಂದ ಎಸೆಯುತ್ತಾನೆ. ಇಬ್ಬರು ದುಡಿಯುವವರ ಬೆಳಗಿನ ಊಟ ಬೀದಿಪಾಲಾಯಿತು. ಒಂದು ಬಾಗಿಲಲ್ಲಿ ಒಬ್ಬ ಹೋಗಿ ಇನ್ನೊಂದು ಬಾಗಿಲಲ್ಲಿ ಇನ್ನೊಬ್ಬ ಬರುವ ಈ ಆಟ ಗಡಿಯಾರದಂತೆ ನಡೆಯಬೇಕು. ಒಂದು ಕ್ಷಣ ತಪ್ಪಿದರೂ ನಗೆ ಸತ್ತುಹೋಗುತ್ತದೆ.

ಮುಂದಿನ ಕಥೆಯನ್ನು ಬೇಗ ಹೇಳಿಬಿಡುತ್ತೇವೆ. ಇಬ್ಬರೂ ಎದುರಾಗುತ್ತಾರೆ, ಬಾಡಿಗೆ ರಸೀತಿ ಹಿಡಿದು ಜಗಳಾಡುತ್ತಾರೆ. ಒಡತಿ ತಪ್ಪೊಪ್ಪಿಕೊಂಡು ಹಿಂಬದಿಯ ಚಿಕ್ಕ ಕೋಣೆಯೊಂದು ಇಂದೇ ಸಿದ್ಧವಾಗುತ್ತದೆ ಎನ್ನುತ್ತಾಳೆ. ಆ ಕೋಣೆಗಾಗಿ ಕಾಯುವಾಗ ಮಾತಿಗೆ ಮಾತು ಬೆಳೆದು ಇನ್ನೊಂದು ಗುಟ್ಟು ಹೊರಬೀಳುತ್ತದೆ. ಪೆನಿಲೋಪ್ ಆ್ಯನ್ ಎಂಬ ವಿಧವೆಯೊಬ್ಬಳಿದ್ದಾಳೆ. ಮಾರ್ಗೇಟ್, ರಾಮ್ಸ್‌ಗೇಟ್ ಎಂಬ ಕಡಲೂರುಗಳಲ್ಲಿ ಸಮುದ್ರಸ್ನಾನಕ್ಕೆ ಬಂದವರಿಗೆ ಗಾಲಿಯ ಮೇಲಿನ ಸ್ನಾನದ ಗೂಡುಗಳನ್ನು ಬಾಡಿಗೆಗೆ ಕೊಡುವುದು ಅವಳ ವ್ಯಾಪಾರ. ಅವಳಿಂದ ತಪ್ಪಿಸಿಕೊಳ್ಳಲು ಬಾಕ್ಸ್ ಹಿಂದೊಮ್ಮೆ ಬಟ್ಟೆಯ ಗಂಟನ್ನು ದಂಡೆಯಲ್ಲಿ ಬಿಟ್ಟು ಮುಳುಗಿ ಸತ್ತಂತೆ ನಟಿಸಿದ್ದ. ಈಗ ಅವಳನ್ನು ಮದುವೆಯಾಗಬೇಕಾದವನು ಕಾಕ್ಸ್! ಆಕೆಯನ್ನು ನೀನು ಕಟ್ಟಿಕೋ, ನೀನು ಕಟ್ಟಿಕೋ ಎಂದು ಇಬ್ಬರೂ ದೂಡಾಡುತ್ತಾರೆ. ಅವಳು ಸಮುದ್ರದ ಪಾಲಾದಳು, ಆಸ್ತಿಯನ್ನು ಮದುವೆಯಾಗಲಿದ್ದವನಿಗೆ ಬಿಟ್ಟಿದ್ದಾಳೆ ಎಂದು ಕಾಗದ ಬಂದೊಡನೆ ಇಬ್ಬರೂ ನಾನೇ ವರ, ನಾನೇ ವರ ಎನ್ನುತ್ತಾರೆ. ಬದುಕಿದ್ದಾಳೆಂದು ಇನ್ನೊಂದು ಕಾಗದ ಬಂದರೆ ಮತ್ತೆ ಹಿಂದಕ್ಕೆ. ಕೊನೆಗೆ ಅವಳು ನಾಕ್ಸ್ ಎಂಬ ಮೂರನೆಯವನನ್ನು ಕೈಹಿಡಿಯುತ್ತಾಳೆಂದು ತಿಳಿಯುತ್ತದೆ. ಇಬ್ಬರಿಗೂ ಬಿಡುಗಡೆ. ಆ ಕಾಲದ ಮೆಲೊಡ್ರಾಮಗಳಲ್ಲಿ ಮೈಮೇಲಿನ ಮಚ್ಚೆ ನೋಡಿ ಕಳೆದುಹೋದ ಅಣ್ಣತಮ್ಮಂದಿರನ್ನು ಗುರುತಿಸುವ ಹುಚ್ಚೊಂದಿತ್ತು. ಮಾರ್ಟನ್ ಅದನ್ನು ತಿರುಚಿ, ನಿನ್ನ ತೋಳಿನ ಮೇಲೆ ಮಚ್ಚೆ ಇಲ್ಲವೆಂದ ಮೇಲೆ ನೀನೇ ನನ್ನ ಸಹೋದರನೆಂದು ಅಪ್ಪಿಕೊಳ್ಳುವಂತೆ ಮಾಡಿದ್ದಾನೆ. ಹಿಂಬದಿಯ ಕೋಣೆ ಸಿದ್ಧವಾಯಿತೆಂದು ಒಡತಿ ಬಂದು ಹೇಳಿದರೆ, ಅದು ನಮಗೆ ಬೇಡವೇ ಬೇಡ ಎನ್ನುತ್ತಾರೆ.

ಮೋಸ ಮಾಡಿದ ಬೌನ್ಸರಮ್ಮನಿಗೆ ಶಿಕ್ಷೆಯಿಲ್ಲ ಎಂಬುದನ್ನು ಗಮನಿಸಿ. ಜಗಳವೆಲ್ಲ ಬಾಡಿಗೆದಾರರೊಳಗೇ. ಅವಳ ಮೇಲೆ ಇಬ್ಬರೂ ಕೂಡಿ ತಿರುಗಿಬೀಳುವ ಬದಲು ಒಬ್ಬನ ಊಟವನ್ನು ಇನ್ನೊಬ್ಬ ಕಿಟಕಿಯಿಂದೆಸೆಯುತ್ತಾನೆ. ಮಾರ್ಟನ್ ಇದನ್ನು ಉಪದೇಶವಾಗಿ ಬರೆಯಲಿಲ್ಲ. ಅವನಿಗೆ ಬೇಕಾಗಿದ್ದುದು ನಗೆ. ಆದರೂ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ನಿದ್ದೆಗೆ ಮೂಲೆ ಹುಡುಕಿದವನು ಈ ನಾಟಕವನ್ನು ನೋಡುವ ಬಗೆ ಬೇರೆ ಎಂದು ನಿಮಗೆ ನಾವು ಹೇಳಬೇಕಾಗಿಲ್ಲ.

ಈಗ ಆ ಕಾಲದ ಲಂಡನ್ನಿನ ಕಡೆಗೆ ನೋಡೋಣ. 1801ರಲ್ಲಿ ಆ ಪಟ್ಟಣದ ಜನಸಂಖ್ಯೆ ಹತ್ತು ಲಕ್ಷದ ಸುಮಾರು. 1851ರ ಗಣತಿಯಲ್ಲಿ ಅದು 23 ಲಕ್ಷವನ್ನು ಮೀರಿತ್ತು. ಜನ ಬಂದಷ್ಟು ಬೇಗ ಮನೆಗಳು ಏಳಲಿಲ್ಲ. ಅಪರಿಚಿತರು ಒಟ್ಟಿಗೆ ಮಲಗುವ ವಸತಿಗೃಹಗಳ ಮೇಲೆ ತಪಾಸಣೆಯ ಕಾಯಿದೆ ಬಂದುದು 1851ರಲ್ಲಿ. ಬೌನ್ಸರಮ್ಮನನ್ನು ಕೇಳಿದ್ದರೆ, ನನ್ನ ಬಾಡಿಗೆದಾರರು ಒಂದು ರಾತ್ರಿಯೂ ಒಟ್ಟಿಗೆ ಮಲಗಿಲ್ಲ ಸ್ವಾಮಿ ಎಂದು ಆಣೆಯಿಟ್ಟು ಹೇಳುತ್ತಿದ್ದಳು! ಇನ್ನು ದುಡಿಮೆಯ ಹೊತ್ತು. ಗಿರಣಿಗಳ ಹೆಂಗಸರಿಗೂ ಹುಡುಗರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿ ಹಾಕಿದ ಪ್ರಸಿದ್ಧ ಕಾಯಿದೆ ಪಾರ್ಲಿಮೆಂಟಿನಲ್ಲಿ ಪಾಸಾದುದು ಇದೇ 1847ರಲ್ಲಿ, ನಾಟಕಕ್ಕೆ ಕೆಲವು ತಿಂಗಳ ಮುಂಚೆ. ಟೋಪಿ ಮಾಡುವ ಕಾಕ್ಸನಿಗಾಗಲಿ ರಾತ್ರಿಯೆಲ್ಲ ಅಚ್ಚಿನ ಮೊಳೆ ಜೋಡಿಸುವ ಬಾಕ್ಸನಿಗಾಗಲಿ ಅದು ಸೋಕಲಿಲ್ಲ.

ಹಾಗಾದರೆ ಇಂಥವರು ನಾಟಕ ನೋಡುತ್ತಿದ್ದುದು ಯಾವಾಗ? ಅಂದಿನ ಲಂಡನ್ ರಂಗಮಂದಿರದಲ್ಲಿ ಒಂದು ಸಂಜೆಗೆ ಒಂದೇ ನಾಟಕವಲ್ಲ, ಎರಡು ಮೂರು. ಸಂಜೆ ಏಳರ ಸುಮಾರಿಗೆ ಶುರುವಾದರೆ ನಡುರಾತ್ರಿಯ ಹತ್ತಿರಕ್ಕೆ ಹೋಗುತ್ತಿತ್ತು. ದೊಡ್ಡ ನಾಟಕದ ಹಿಂದೆಯೋ ಮುಂದೆಯೋ ಪ್ರಹಸನವೊಂದನ್ನು ಜೋಡಿಸುತ್ತಿದ್ದರು. ಅನೇಕ ರಂಗಮಂದಿರಗಳಲ್ಲಿ ಒಂಬತ್ತು ಗಂಟೆಯ ಸುಮಾರಿಗೆ ಟಿಕೀಟಿನ ಬೆಲೆ ಅರ್ಧಕ್ಕೆ ಇಳಿಯುತ್ತಿತ್ತು. ಅಂಗಡಿಯ ಬಾಗಿಲು ಹಾಕಿದ ವರ್ತಕ, ಗುಮಾಸ್ತ, ಕೆಲಸ ಬಿಟ್ಟ ಕಸಬುಗಾರ, ಇವರೆಲ್ಲ ಆಗ ಒಳಕ್ಕೆ ನುಗ್ಗುವರು. ರಾಜನ ದುರಂತದ ಮೊದಲ ಮೂರು ಅಂಕಗಳು ಅವರಿಗೆ ದಕ್ಕದಿದ್ದರೂ ಕೊನೆಯ ಪ್ರಹಸನ ಪೂರ್ತಿ ದಕ್ಕುತ್ತಿತ್ತು. ಪ್ರಹಸನವನ್ನು ಪಂಡಿತರು ಕೀಳೆಂದು ಬಗೆದುದಕ್ಕೂ ಅದು ಅರ್ಧ ಬೆಲೆಯವರ ಪಾಲಿನದಾಗಿದ್ದುದಕ್ಕೂ ಸಂಬಂಧವಿದೆಯೆಂದೇ ನಮ್ಮ ಎಣಿಕೆ.

ಲೈಸಿಯಂ ಆ ವರ್ಷ ಹೊಸ ಕೈಗೆ ಬಂದಿತ್ತು. ಮದಾಂ ವೆಸ್ಟ್ರಿಸ್ ಎಂಬ ಹೆಸರಾಂತ ನಟಿಯೂ ಅವಳ ಗಂಡ ಚಾರ್ಲ್ಸ್ ಮ್ಯಾಥ್ಯೂಸನೂ ಅದನ್ನು ವಹಿಸಿಕೊಂಡು ಹೊಸ ಮಂಡಳಿ ಕಟ್ಟಿದ್ದರು. ಬಾಕ್ಸನ ಪಾತ್ರ ಜಾನ್ ಬಕ್‌ಸ್ಟೋನನದು, ಕಾಕ್ಸನ ಪಾತ್ರ ಜಾನ್ ಪ್ರಿಟ್ ಹಾರ್ಲಿಯದು. ಹಾರ್ಲಿಗೆ ಆಗಲೇ ಅರವತ್ತು ದಾಟಿತ್ತು. ಮದುವೆಗೆ ಹೆದರುವ ತರುಣ ಟೋಪಿಗಾರನ ವೇಷವನ್ನು ಅರವತ್ತರ ಮುದುಕ ಹಾಕಿದನೆಂದರೆ ನಗೆಗೆ ಇನ್ನೇನು ಬೇಕು? ಬಕ್‌ಸ್ಟೋನ್ ತಾನೇ ನಾಟಕಕಾರ, ಮುಂದೆ ಹೇಮಾರ್ಕೆಟ್ ರಂಗಮಂದಿರವನ್ನು ಇಪ್ಪತ್ತು ವರ್ಷಕ್ಕೂ ಮೇಲೆ ನಡೆಸಿದವನು.

ಈ ಕಥೆ ಮಾರ್ಟನ್ನನ ಸ್ವಂತದ್ದೋ ಎಂದು ಕೇಳಬಹುದು. ಅಲ್ಲ. ಪ್ಯಾರಿಸಿನಲ್ಲಿ 1846ರಲ್ಲಿ ಲಬೀಷ್ ಮತ್ತು ಅವನ ಜೊತೆಗಾರ ಬರೆದ 'ಫ್ರಿಜೆತ್' ಎಂಬ ಪ್ರಹಸನದಿಂದ ಕೋಣೆಯ ಉಪಾಯ ಬಂದಿತು. ಅಲ್ಲಿ ರಾತ್ರಿ ರೊಟ್ಟಿ ಸುಡುವ ಒಬ್ಬ ಗಂಡಸು, ಹಗಲು ಕಸೂತಿಯ ಜಾಲರಿ ಹೆಣೆಯುವ ಒಬ್ಬ ಹುಡುಗಿ. ಎರಡು ಮಂಚದ ಕೋಣೆಯ ಮೇಲಿನ ಮತ್ತೊಂದು ಫ್ರೆಂಚ್ ಪ್ರಹಸನದಿಂದ ಉಳಿದುದನ್ನು ತೆಗೆದುಕೊಂಡ. ಮಾರ್ಟನ್ ಹುಡುಗನಾಗಿದ್ದಾಗ ಫ್ರಾನ್ಸಿನಲ್ಲಿ ಓದಿದವನು, ಆ ಭಾಷೆ ಅವನಿಗೆ ಕರತಲಾಮಲಕ. ಎರಡು ದೇಶಗಳ ನಡುವೆ ಗ್ರಂಥಸ್ವಾಮ್ಯದ ಒಪ್ಪಂದವಾದುದು 1851ರಲ್ಲಿ. ಅಲ್ಲಿಯವರೆಗೆ ಪ್ಯಾರಿಸಿನ ನಾಟಕಗಳನ್ನು ಲಂಡನ್ನಿನವರು ಒಂದು ಕಾಸೂ ಕೊಡದೆ ಎತ್ತಿಕೊಳ್ಳಬಹುದಾಗಿತ್ತು, ಎತ್ತಿಕೊಳ್ಳುತ್ತಲೂ ಇದ್ದರು. ಹುಡುಗಿಯನ್ನು ಬಿಟ್ಟು ಇಬ್ಬರನ್ನೂ ಗಂಡಸರನ್ನಾಗಿ ಮಾಡಿದ್ದೇಕೆ? ಇಂಗ್ಲೆಂಡಿನಲ್ಲಿ ಪ್ರತಿ ಹೊಸ ನಾಟಕವೂ ಲಾರ್ಡ್ ಚೇಂಬರ್ಲಿನ್ನನ ಕಚೇರಿಯ ಅಪ್ಪಣೆ ಪಡೆಯಬೇಕಾಗಿದ್ದ ಕಾಲ ಅದು. ಗಂಡು ಹೆಣ್ಣು ಒಂದೇ ಮಂಚವನ್ನು ಪಾಳಿಯ ಮೇಲೆ ಹಂಚಿಕೊಂಡರೆ ಆ ಕಚೇರಿಯವರು ಹುಬ್ಬು ಗಂಟಿಕ್ಕುತ್ತಿದ್ದರೆಂಬುದು ನಮ್ಮ ಊಹೆ. ಕಾರಣ ಏನೇ ಇರಲಿ, ಬದಲಾವಣೆಯಿಂದ ನಾಟಕಕ್ಕೆ ಲಾಭವೇ ಆಯಿತು. ಫ್ರೆಂಚ್ ನಾಟಕ ಪ್ರೇಮದ ಕಥೆಯಾಗಿದ್ದರೆ ಇದು ಬಾಡಿಗೆಯ ಕಥೆಯಾಯಿತು. ಜಾಹೀರಾತಿನಲ್ಲಿ ಇದನ್ನು ನಿಜಜೀವನದ ಪ್ರಣಯಕಥೆಯೆಂದು ಕರೆದಿದ್ದರು. ಹಾಸ್ಯಕ್ಕೆ ಹೇಳಿದ್ದಾದರೂ ನಿಜಜೀವನ ಎಂಬ ಮಾತಿನಲ್ಲಿ ಸುಳ್ಳಿರಲಿಲ್ಲ.

ನಾಟಕ ಗೆದ್ದಿತು. 1849ರ ಜನವರಿಯಲ್ಲಿ ವಿಂಡ್ಸರ್ ಅರಮನೆಯೊಳಗೆ ವಿಕ್ಟೋರಿಯಾ ರಾಣಿಯ ಮುಂದೆಯೂ ಅದನ್ನು ಆಡಿ ತೋರಿಸಿದರು. ಕಲ್ಲಿದ್ದಲಿನ ಲೆಕ್ಕ ಕೇಳುವ ಟೋಪಿಗಾರನನ್ನು ನೋಡಿ ರಾಣಿಯ ಪರಿವಾರ ಯಾವುದಕ್ಕೆ ನಕ್ಕಿತೋ! 1852ರಲ್ಲಿ ಸ್ಟರ್ಲಿಂಗ್ ಕಾಯ್ನ್ ಎಂಬವನು ಇಬ್ಬರಿಗೂ ಮದುವೆ ಮಾಡಿಸಿ ಇದರ ಮುಂದಿನ ಕಥೆಯೊಂದನ್ನು ಬರೆದು ಹೇಮಾರ್ಕೆಟ್ಟಿನಲ್ಲಿ ಆಡಿಸಿದ. ಅದನ್ನು ಈಗ ಕೇಳುವವರಿಲ್ಲ. ಮೂಲ ಪ್ರಹಸನ ಮಾತ್ರ ಹವ್ಯಾಸಿಗಳ ಕೈಗೆ ಬಿದ್ದು ಊರೂರು ತಿರುಗಿತು. ಅದಕ್ಕೆ ಕಾರಣ ಕಷ್ಟದ್ದಲ್ಲ. ಬೇಕಾದುದು ಮೂರೇ ಪಾತ್ರ, ಒಂದೇ ಪರದೆ, ಎದುರುಬದುರು ಎರಡು ಬಾಗಿಲು, ಒಂದು ಮಂಚ, ಒಂದು ಒಲೆ, ಒಂದು ಕಿಟಕಿ. ಆರು ಪೆನ್ನಿಗೆ ಒಂದರಂತೆ ಮಾರುತ್ತಿದ್ದ ನಟರ ಪ್ರತಿಗಳು ಹೊರಟ ಕಾಲದಲ್ಲಿ ಇದಕ್ಕಿಂತ ಅಗ್ಗದ ನಾಟಕ ಎಲ್ಲಿ ಸಿಕ್ಕೀತು?

1866ರಲ್ಲಿ ಕಥೆಗೆ ಒಂದು ತಿರುವು. ಬರ್ನಾಂಡ್ ಎಂಬ ಹಾಸ್ಯಲೇಖಕ ತನ್ನ ಮನೆಯ ಗೆಳೆಯರ ಕೂಟಕ್ಕಾಗಿ ಈ ಪ್ರಹಸನವನ್ನು ಹಾಡುನಾಟಕವಾಗಿ ಮಾರ್ಪಡಿಸಿದ. ಸಂಗೀತ ಹಾಕಿದವನು ಆರ್ಥರ್ ಸಲಿವನ್, ಆಗಿನ್ನೂ ಇಪ್ಪತ್ತನಾಲ್ಕರ ಹುಡುಗ. ಗಂಡಸರೇ ಆಡುವ ಕೂಟವಾದುದರಿಂದ ಬೌನ್ಸರಮ್ಮ ಹೋಗಿ ಬೌನ್ಸರ್ ಎಂಬ ನಿವೃತ್ತ ಸಾರ್ಜೆಂಟ್ ಬಂದ. ಹೆಸರೂ ತಲೆಕೆಳಗಾಗಿ 'ಕಾಕ್ಸ್ ಅಂಡ್ ಬಾಕ್ಸ್' ಆಯಿತು. ಒಲೆಯ ಮೇಲಿನ ಹಂದಿಮಾಂಸಕ್ಕೆ ಬಾಕ್ಸ್ ಜೋಗುಳ ಹಾಡುವ ಹಾಡೊಂದು ಇದರಲ್ಲಿದೆ. ಹಸಿದವನು ಊಟಕ್ಕೆ ಜೋಗುಳ ಹಾಡುವುದು ಮಾರ್ಟನ್ನನಿಗೇ ಹೊಳೆಯದ ಸೊಗಸು, ಅದನ್ನು ಒಪ್ಪಲೇಬೇಕು.

ಬಹಿರಂಗವಾಗಿ ಅದು ಮೊದಲು ನಡೆದುದು 1867ರ ಮೇ 11ರಂದು, ಲಂಡನ್ನಿನ ಅಡೆಲ್ಫಿಯಲ್ಲಿ. 'ಪಂಚ್' ಹಾಸ್ಯಪತ್ರಿಕೆಗೆ ಚಿತ್ರ ಬರೆಯುತ್ತಿದ್ದ ಚಾರ್ಲ್ಸ್ ಬೆನೆಟ್ ಆ ಏಪ್ರಿಲ್ಲಿನಲ್ಲಿ ತೀರಿಕೊಂಡು ಹೆಂಡತಿ ಮಕ್ಕಳು ದಿಕ್ಕಿಲ್ಲದಾಗಿದ್ದರು. ಅವರ ಸಹಾಯಾರ್ಥವಾಗಿ ಪತ್ರಿಕೆಯ ಸಂಗಡಿಗರು ತಾವೇ ಬಣ್ಣ ಹಚ್ಚಿದರು. ಬಾಕ್ಸನ ಪಾತ್ರ ಹಾಕಿದವನು ಅದೇ ಪತ್ರಿಕೆಯ ಚಿತ್ರಕಾರ ಜಾರ್ಜ್ ಡು ಮೋರಿಯೆ. ಅದೇ ಬೇಸಗೆಯಲ್ಲಿ ಅದೇ ಉದ್ದೇಶಕ್ಕೆ ಮ್ಯಾಂಚೆಸ್ಟರಿನಲ್ಲೂ ಆಡಿದರು. ಜೊತೆಯವನೊಬ್ಬ ಸತ್ತರೆ ಕಂಪೋಸಿಟರುಗಳೂ ಗಿರಣಿಯವರೂ ತಟ್ಟೆ ಹಿಡಿದು ಚಂದಾ ಎತ್ತುವುದುಂಟಲ್ಲ, ಅದೇ ಕೆಲಸವನ್ನು ಲೇಖನಿಯ ಜನ ನಾಟಕವಾಡಿ ಮಾಡಿದರು.

1869ರ ಮಾರ್ಚ್ 29ರಂದು ಅದು ರೀಜೆಂಟ್ ಬೀದಿಯ 'ಗ್ಯಾಲರಿ ಆಫ್ ಇಲಸ್ಟ್ರೇಷನ್' ಎಂಬಲ್ಲಿಗೆ ಬಂದು ಒಂದು ವರ್ಷದಷ್ಟು ನಡೆಯಿತು. ಹೆಸರು ನೋಡಿ, ರಂಗಮಂದಿರವೆಂದು ಎಲ್ಲಿಯೂ ಇಲ್ಲ. ನಾಟಕ ಶಾಲೆಗೆ ಕಾಲಿಟ್ಟರೆ ಮರ್ಯಾದೆ ಹೋಗುತ್ತದೆಂದು ನಂಬಿದ ಮಡಿವಂತ ಕುಟುಂಬಗಳು ಅಲ್ಲಿಗೆ ಬಂದು ನಾಟಕವನ್ನೇ ನೋಡಿಕೊಂಡು ಹೋಗುತ್ತಿದ್ದವು. ಅದೇ ಸಂಜೆ ಅದೇ ವೇದಿಕೆಯ ಮೇಲೆ ಗಿಲ್ಬರ್ಟ್ ಎಂಬವನ ಬೇರೊಂದು ಕಿರುನಾಟಕವೂ ಇತ್ತು. ಗಿಲ್ಬರ್ಟ್ ಮತ್ತು ಸಲಿವನ್ ಜೊತೆಯಾಗಿ ಕೆಲಸ ಮಾಡಿದುದು 1871ರಿಂದ ಈಚೆಗೆ, ಅವರ ಜೋಡಿ ಲೋಕಪ್ರಸಿದ್ಧವಾದುದು ಇನ್ನೂ ಈಚೆಗೆ. ಆ ಹೆಸರುಗಳೆರಡು ಒಂದೇ ಕರಪತ್ರದಲ್ಲಿ ಕಂಡುದು ಈ ಬಡ ಬಾಡಿಗೆದಾರರ ದೆಸೆಯಿಂದ.

ಹಾಡುನಾಟಕ ಸೊಗಸಾದುದೇ. ಆದರೆ ನಮಗೆ ಮೂಲವೇ ಹೆಚ್ಚು ಹಿಡಿಸುತ್ತದೆ. ಒಡತಿಯಾಗಿದ್ದ ಮುದುಕಿಯ ಜಾಗಕ್ಕೆ ಯುದ್ಧದ ಹಳೆಯ ನೆನಪು ಹಾಡುವ ಸಾರ್ಜೆಂಟ್ ಬಂದ ಮೇಲೆ ಕಾಸಿಗೆ ಕಾಸು ಕೂಡಿಸುವ ಆ ಚಿಲ್ಲರೆ ಲೋಭದ ಚಿತ್ರ ಮಸುಕಾಗುತ್ತದೆ. ಬೌನ್ಸರಮ್ಮ ಕೆಟ್ಟವಳಾದರೂ ಅವಳೂ ಒಂದು ಮನೆಯ ಮೇಲೆ ಜೀವ ಹಿಡಿದಿರುವ ಹೆಂಗಸು. ಸಾರ್ಜೆಂಟನಿಗೆ ಆ ಭಾರವಿಲ್ಲ.

ಇಷ್ಟು ಜನ ಇಷ್ಟು ಸಲ ಆಡಿದ ನಾಟಕದ ಕರ್ತೃವಿನ ಗತಿಯೇನಾಯಿತು? ಮಾರ್ಟನ್ ಹುಟ್ಟಿದುದು 1811ರಲ್ಲಿ, ನಾಟಕಕಾರನ ಮಗನಾಗಿ. ಕೆಲವು ವರ್ಷ ಚೆಲ್ಸಿ ಆಸ್ಪತ್ರೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದು, 1840ರಲ್ಲಿ ಅದನ್ನು ಬಿಟ್ಟು ಪೆನ್ನನ್ನೇ ನಂಬಿದ. ನೂರರ ಹತ್ತಿರ ನಾಟಕ ಬರೆದ, ಹೆಚ್ಚಿನವು ಪ್ರಹಸನ. 1833ರ ಕಾಯಿದೆ ನಾಟಕ ಆಡಿಸುವ ಹಕ್ಕನ್ನು ಬರೆದವನಿಗೆ ಕೊಟ್ಟಿತ್ತು ನಿಜ. ಆದರೆ ರಂಗಭೂಮಿಯ ಪದ್ಧತಿಯೇ ಅವನ ಕಾಲಕೆಳಗೆ ಜಾರಿತು. 1860ರಿಂದ ಈಚೆಗೆ ಬರ್ಲೆಸ್ಕ್ ಎಂಬ ಅಣಕು ನಾಟಕದ ಹುಚ್ಚು ಹತ್ತಿತು. ಆಮೇಲೆ ಒಂದು ಸಂಜೆಗೆ ಒಂದೇ ದೊಡ್ಡ ನಾಟಕವೆಂಬ ರೂಢಿ ಬಂದಿತು. ಅರ್ಧ ಬೆಲೆಯ ಟಿಕೀಟು ಹೋಯಿತು. ಪ್ರಹಸನ ಉಳಿದರೂ ಆರಂಭದ ಹೊತ್ತು ತುಂಬಿಸುವ ತುಣುಕಾಗಿ ಉಳಿಯಿತು: ಮುಂದಿನ ಸಾಲಿನ ಧನಿಕರು ಊಟ ಮುಗಿಸಿ ನಿಧಾನವಾಗಿ ಬರುವವರೆಗೆ ಹಿಂದಿನ ಬೆಂಚಿನವರನ್ನು ನಗಿಸುತ್ತಿರಲು. ಅಂಥದಕ್ಕೆ ಯಾವ ಯಜಮಾನ ಹೆಚ್ಚು ಹಣ ಕೊಟ್ಟಾನು? ಟೋಪಿಯ ಫ್ಯಾಷನ್ನು ಬದಲಾದರೆ ಟೋಪಿಗಾರನಿಗೆ ಆಗುವುದೇ ಮಾರ್ಟನ್ನನಿಗೂ ಆಯಿತು.

1881ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಅವನು ಚಾರ್ಟರ್‌ಹೌಸಿನ ಆಶ್ರಯ ಪಡೆದ. ಅದು ಸಟನ್ ಎಂಬ ಶ್ರೀಮಂತ ವರ್ತಕ 1611ರಲ್ಲಿ ಬಿಟ್ಟ ದತ್ತಿಯಿಂದ ನಡೆದ ವೃದ್ಧಾಶ್ರಯ. ಅಲ್ಲಿನ ನಿವಾಸಿಗಳನ್ನು 'ಸಹೋದರ'ರೆಂದು ಕರೆಯುತ್ತಾರೆ. ಮಚ್ಚೆಯಿಲ್ಲದ ಸಹೋದರರನ್ನು ಸೃಷ್ಟಿಸಿದವನಿಗೆ ಕೊನೆಗೆ ಸಿಕ್ಕ ಪದವಿಯೂ ಅದೇ. 1889ರಲ್ಲಿ ಹೇಮಾರ್ಕೆಟ್ಟಿನಲ್ಲಿ ಅವನ ಸಹಾಯಾರ್ಥ ಪ್ರದರ್ಶನವೊಂದನ್ನು ನಡೆಸಿದರು. 1891ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ.

ಮೂರು ವರ್ಷ ಕಳೆದು, 1894ರ ಡಿಸೆಂಬರ್ 31ರಂದು, 'ಕಾಕ್ಸ್ ಅಂಡ್ ಬಾಕ್ಸ್' ಲಂಡನ್ನಿನ ಸವಾಯ್ ರಂಗಮಂದಿರವನ್ನು ಏರಿತು. 1921ರಲ್ಲಿ ಡಾಯ್ಲಿ ಕಾರ್ಟ್ ಮಂಡಳಿಯವರು ಅದನ್ನು ಇನ್ನಷ್ಟು ಕತ್ತರಿಸಿ ದೊಡ್ಡ ನಾಟಕಗಳ ಮುಂಚೆ ಆಡತೊಡಗಿದರು, 1970ರ ದಶಕದವರೆಗೂ ಆಡಿದರು. ಆ ಮಂಡಳಿ 1982ರಲ್ಲಿ ಬಾಗಿಲು ಹಾಕಿತು. ಹಾಡಿಲ್ಲದ ಮೂಲ ಪ್ರಹಸನದ ಬಹುಪಾಲು ಬಾಳು ಹವ್ಯಾಸಿಗಳ ವೇದಿಕೆಯ ಮೇಲೆಯೇ ಕಳೆಯಿತು. ಆದರೆ ಹೆಸರು ಭಾಷೆಯೊಳಗೆ ಸೇರಿಹೋಗಿದೆ. ಒಂದೇ ಜಾಗವನ್ನೋ ಒಂದೇ ಕೆಲಸವನ್ನೋ ಇಬ್ಬರು ಪಾಳಿಯ ಮೇಲೆ ಹಂಚಿಕೊಂಡು, ಒಬ್ಬ ಇದ್ದಾಗ ಇನ್ನೊಬ್ಬ ಇಲ್ಲದಂತೆ ನಡೆದುಕೊಂಡರೆ ಅದಕ್ಕೆ ಇಂಗ್ಲಿಷರು 'ಬಾಕ್ಸ್ ಅಂಡ್ ಕಾಕ್ಸ್' ಏರ್ಪಾಡು ಎನ್ನುತ್ತಾರೆ. ನಿಘಂಟಿನಲ್ಲೂ ಅದುಂಟು. ಎರಡು ಬಾಡಿಗೆ ವಸೂಲು ಮಾಡಿದ ಬೌನ್ಸರಮ್ಮನ ಹೆಸರು ಮಾತ್ರ ಆ ನುಡಿಗಟ್ಟಿನಲ್ಲಿ ಸೇರಲಿಲ್ಲ.